ಬಲ್ಬಿನ ಕೆಳಗಿನ ಘಟ್ಟ

ನನ್ನ ತಮ್ಮ ಪುಟ್ಟಪ್ಪನಿಗೆ ಕರೆಂಟಿನ ಹುಚ್ಚು ಹಿಡಿದದ್ದು ಶಿಕಾರಿಪುರಕ್ಕೆ ಕಂಬ ಬಂದ ವರ್ಷ. ಕಂಬಕ್ಕೆ ಗುಂಡಿ ತೋಡುವುದನ್ನು ದಿನಾ ನಿಂತು ನೋಡುತ್ತಿದ್ದವನು ಕಡೆಗೆ ಅದೇ ಆಫೀಸಿನಲ್ಲಿ ವೈರ್‌ಮನ್ ಆಗಿ ಸೇರಿಕೊಂಡ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ನಾನು ನಕ್ಕಿದ್ದೆ. ವರ್ಷಗಳು ಕಳೆದರೂ ಈ ಅಗಸನ ಕೈ ಮಾತ್ರ ಸೋಲಲಿಲ್ಲ. ನಮ್ಮ ಮನೆಗೂ ಎರಡು ಬಲ್ಬು ಬಂದವು, ಒಂದು ನಡುಮನೆಗೆ, ಇನ್ನೊಂದು ಅಡುಗೆಮನೆಗೆ. ರೊಟ್ಟಿ ಸೀದದ್ದು ಈಗ ಎಲ್ಲರಿಗೂ ಕಾಣುತ್ತದೆ, ಅಷ್ಟೇ ಅದರಿಂದ ಆದ ಉಪಕಾರ ಎಂದು ನಮ್ಮವ್ವ ಹುಚ್ಚಮ್ಮ ಹೇಳುತ್ತಿದ್ದಳು.

ನಾನು ವನಜಮ್ಮ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಹೆಣ್ಣುಮಕ್ಕಳ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಮನೆಯಲ್ಲಿ ಅವ್ವ, ಪುಟ್ಟಪ್ಪ, ಅವನ ಹೆಂಡತಿ ಗುಡ್ಡಮ್ಮ ಮತ್ತು ನಾನು, ನಾಲ್ಕೇ ಜನ. ಐದನೆಯದೊಂದು ಜೀವಕ್ಕಾಗಿ ಎಲ್ಲರೂ ಕಾಯುತ್ತಿದ್ದೆವು, ಆದರೆ ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಯಾಕೆ ಎತ್ತುತ್ತಿರಲಿಲ್ಲ ಎಂಬುದನ್ನು ಹೇಳಬೇಕಾದರೆ ಮೊದಲು ಘಟ್ಟದ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ನವರಾತ್ರಿಯ ಮೊದಲ ದಿನ ಘಟ್ಟ ಹಾಕುತ್ತಾರೆ. ಹೊಲದ ಮಣ್ಣು ತಂದು ಅಗಲವಾದ ಬುಟ್ಟಿಯಲ್ಲಿ ಹರಡಿ, ಜೋಳ, ಗೋಧಿ, ಅವರೆ, ಹೆಸರು ಎಂದು ಬಗೆಬಗೆಯ ಕಾಳು ಬಿತ್ತಿ, ಒಳಕೋಣೆಯ ದೇವರ ಮೂಲೆಯಲ್ಲಿ ಎಣ್ಣೆದೀಪದ ಮುಂದೆ ಇಡುತ್ತಾರೆ. ದಿನಾ ನೀರು ಚಿಮುಕಿಸಬೇಕು. ವಿಜಯದಶಮಿಯ ದಿನ ಬೆಳೆದ ಸಸಿಯನ್ನು ಕಿತ್ತು ದೇವರಿಗೇರಿಸಿ ಹೆಂಗಸರು ಮುಡಿಗೆ, ಗಂಡಸರು ಕಿವಿಗೆ ಇಟ್ಟುಕೊಳ್ಳುತ್ತಾರೆ. ಸಸಿ ಉದ್ದುದ್ದ, ಹೊಂಬಣ್ಣಕ್ಕೆ ಬಂದರೆ ಮನೆಗೆ ಒಳ್ಳೆಯದು. ಬಾರದಿದ್ದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕೇರಿಗೆಲ್ಲ ಗೊತ್ತಾಗಿರುತ್ತದೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ಉಳಿದವರು ಮಕ್ಕಳ ಬಗ್ಗೆ ಹೇಳಿದರೆ ನಮ್ಮವ್ವ ಆ ಬುಟ್ಟಿಯ ಬಗ್ಗೆ ಹೇಳುತ್ತಿದ್ದಳು. ಅಪ್ಪ ಸತ್ತ ಮೇಲೂ ಘಟ್ಟ ಅವಳ ಕೈಯಲ್ಲೇ ಉಳಿಯಿತು. ವಿಧವೆ ಬಿತ್ತಬಾರದು ಎಂದು ಯಾರೋ ಅಂದಾಗ, "ಬೀಜಕ್ಕೆ ನನ್ನ ಹಣೆ ಕಾಣ್ತೈತೇನು?" ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ್ದಳು.

ಗುಡ್ಡಮ್ಮ ಮದುವೆಯಾಗಿ ಬಂದ ಮೇಲೆ ಅವ್ವ ಬಿತ್ತುವ ಕೆಲಸವನ್ನು ಅವಳಿಗೆ ಕೊಟ್ಟಳು. ಗುಡ್ಡಮ್ಮ ಸೊರಬದ ಕಡೆಯವಳು, ಗುಡವಿ ಕೆರೆಯ ಹತ್ತಿರದ ಹಳ್ಳಿ. ನಾಟಿ ಗದ್ದೆಯಲ್ಲಿ ಅವಳು ಹಾಡು ಎತ್ತಿಕೊಟ್ಟರೆ ಆಚೆ ಗದ್ದೆಯವರೂ ದನಿಗೂಡಿಸುತ್ತಿದ್ದರಂತೆ. ನಮ್ಮ ಮನೆಗೆ ಬಂದ ಹೊಸದರಲ್ಲಿ ಬೀಸುವಾಗ, ನೀರು ಸೇದುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಅವಳು ಬಿತ್ತಿದ ಮೊದಲ ಘಟ್ಟಕ್ಕೆ ಬೂಷ್ಟು ಹಿಡಿಯಿತು. ಆ ದೀಪಾವಳಿಯ ಹೊತ್ತಿಗೆ ಹೊಟ್ಟೆಯಲ್ಲಿದ್ದದ್ದು ಹೋಯಿತು. ಮುಂದಿನ ಘಟ್ಟವೂ ಅರ್ಧಕ್ಕೆ ಕೊಳೆಯಿತು. ಆ ವರ್ಷದ ಕೂಸು ಹುಟ್ಟಿತು, ಒಂದು ಹಗಲು ಇತ್ತು, ಸಂಜೆಗೆ ಇರಲಿಲ್ಲ.

ಆಗ ಅವ್ವ ಸಂಕಟದಲ್ಲಿ ಒಂದು ಮಾತು ಆಡಿಬಿಟ್ಟಳು. "ಘಟ್ಟ ಮೊದ್ಲೇ ಹೇಳಿತ್ತು" ಎಂದಳು. ಬೈದು ಹೇಳಿದ್ದಲ್ಲ, ಅಳುತ್ತಾ ಹೇಳಿದ್ದು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಗುಡ್ಡಮ್ಮ ಒಳಕೋಣೆಗೆ ಕಾಲಿಡಲಿಲ್ಲ, ಹಾಡಲೂ ಇಲ್ಲ. ಈಗ ಮೂರನೆಯ ಸಲ ಬಸುರಿ. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಕಲಸಿ ಇಟ್ಟು ಏಳುತ್ತಿದ್ದಳು. ಹೊಟ್ಟೆಯ ಮೇಲೆ ಅಪ್ಪಿತಪ್ಪಿಯೂ ಕೈ ಇಡುತ್ತಿರಲಿಲ್ಲ. ಗುರುತು ಹಚ್ಚಿಕೊಂಡರೆ ಹೋದಾಗ ನೋವು ಜಾಸ್ತಿ ಎಂದು ಅವಳ ಲೆಕ್ಕ ಇರಬೇಕು. ನವರಾತ್ರಿ ಹತ್ತಿರ ಬಂದಷ್ಟೂ ಅವಳ ಮುಖ ಸಣ್ಣದಾಗುತ್ತಾ ಹೋಯಿತು.

ನನ್ನ ತಮ್ಮನಿಗೆ ಘಟ್ಟದಲ್ಲಿ ನಂಬಿಕೆ ಇರಲಿಲ್ಲ. ಆದರೆ ಹೆಂಡತಿಗೆ ಇದೆ ಎಂಬುದು ಅವನಿಗೆ ಗೊತ್ತಿತ್ತು. ಬುಟ್ಟಿ ಈ ಸಲವೂ ಕೊಳೆತರೆ ಅವಳು ಹೆರುವ ಮೊದಲೇ ಸೋತುಬಿಡುತ್ತಾಳೆ ಎಂದು ಅವನ ಹೆದರಿಕೆ. ಹಾಗಾಗಿ ಸಸಿ ಚೆನ್ನಾಗಿ ಬರುವಂತೆ ಮಾಡಿಯೇ ತೀರುತ್ತೇನೆ ಎಂದು ಹೊರಟ. ಶಿವಮೊಗ್ಗಕ್ಕೆ ಟ್ರೇನಿಂಗಿಗೆ ಹೋಗಿದ್ದಾಗ ಯಾರೋ ಇಂಜಿನಿಯರು ಹೇಳಿದ್ದರಂತೆ, ಹೊರದೇಶದಲ್ಲಿ ಮನೆಯೊಳಗೇ ಗಿಡ ಬೆಳೆಸುತ್ತಾರೆ, ಮಣ್ಣಿಗೆ ಕರೆಂಟು ಕೊಡುತ್ತಾರೆ, ಪಕ್ಕದಲ್ಲಿ ವಾದ್ಯ ಬಾರಿಸುತ್ತಾರೆ, ಗಿಡ ಸರಸರ ಬೆಳೆಯುತ್ತದೆ ಎಂದು. ನಾನು ನಕ್ಕೆ. "ಅಕ್ಕ, ನೀನು ಟೀಚರಾಗಿ ಹಿಂಗೆ ನಗಬಾರದು" ಎಂದ.

ಶ್ರಾವಣದಲ್ಲೇ ಪ್ರಯೋಗ ಶುರುವಾಯಿತು. ಸೀಮೆಎಣ್ಣೆ ಡಬ್ಬಗಳನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿ, ಜೋಳ ಬಿತ್ತಿ ಅಡುಗೆಮನೆಯ ಕಿಟಕಿಯ ಕೆಳಗೆ ಸಾಲಾಗಿ ಇಟ್ಟ. ಒಂದಕ್ಕೆ ಏನೂ ಇಲ್ಲ. ಒಂದರ ಮಣ್ಣಿನೊಳಕ್ಕೆ ತಾಮ್ರದ ತಂತಿ ಚುಚ್ಚಿ ಟಾರ್ಚಿನ ಸೆಲ್ಲು ಜೋಡಿಸಿದ. ಇನ್ನೊಂದರ ಮೇಲೆ ಬಲ್ಬು ತೂಗುಬಿಟ್ಟ. ಸೆಲ್ಲಿನ ಡಬ್ಬದಲ್ಲಿ ಏನೂ ಆಗದ್ದನ್ನು ನೋಡಿ ತಾಳ್ಮೆಗೆಟ್ಟು ಒಂದು ದಿನ ಮನೆಯ ಕರೆಂಟನ್ನೇ ಬಲ್ಬಿನ ಮೂಲಕ ಹಾಯಿಸಿ ತಂತಿಗೆ ಕೊಟ್ಟ. ಅವ್ವ ಮೊಳಕೆ ಬಂತೇನೋ ಎಂದು ಬೆರಳಿಂದ ಮಣ್ಣು ಕೆದಕಿದವಳು ಕೈ ಜಾಡಿಸಿಕೊಂಡು ಹಿಂದೆ ಸರಿದಳು. ಕಾಲು ತಾಗಿ ಪಕ್ಕದ ಬಕೆಟ್ಟಿನ ನೀರೆಲ್ಲ ನೆಲದ ಮೇಲೆ.

"ಭೂತಾಯಿಗೆ ಚೇಳು ಕಡಿಸ್ತೀಯೇನೋ ಪುಟ್ಟ?" ಎಂದಳು. ಅಷ್ಟೇ ಅಂದದ್ದು. ಆದರೆ ಆಮೇಲೆ ತಂತಿಯ ಡಬ್ಬ ಹಿತ್ತಲಿಗೆ ಹೋಯಿತು, ಅವನೇ ತೆಗೆದುಕೊಂಡು ಹೋಗಿ ಇಟ್ಟ.

ಬಲ್ಬಿನ ಕೆಳಗಿನ ಜೋಳ ಮಾತ್ರ ದಪ್ಪಗೆ, ಕಡುಹಸಿರಾಗಿ ಎದ್ದಿತು. ಪುಟ್ಟಪ್ಪನ ಮುಖ ನೋಡಬೇಕಿತ್ತು. ಇನ್ನು ಸದ್ದೊಂದು ಬಾಕಿ ಎಂದು ಮಸ್ತಾನ್ ಸಾಬರನ್ನು ಕರೆದುಕೊಂಡು ಬಂದ. ಮಸ್ತಾನ್ ಸಾಬರದು ಪೇಟೆಯಲ್ಲಿ ಮೈಕ್‌ಸೆಟ್ಟಿನ ಅಂಗಡಿ. ಮದುವೆ, ನಾಟಕ, ಭಾಷಣ, ಏನೇ ಇದ್ದರೂ ಅವರ ಕಹಳೆಬಾಯಿಯ ಹಾರ್ನು ಹೋಗಬೇಕು. ಮಳೆಗಾಲದಲ್ಲಿ ಕೆಲಸ ಕಮ್ಮಿ. ಗ್ರಾಮಫೋನು ತಂದು ಡಬ್ಬದ ಮುಂದಿಟ್ಟು ಶಹನಾಯಿ ಪ್ಲೇಟು ಹಾಕಿದರು. ಜೋಳಕ್ಕೆ ಮದುವೆಯೇನು ಎಂದು ನಾನು ಕೇಳಿದೆ.

"ನಗಬ್ಯಾಡ್ರೀ ಟೀಚರಮ್ಮ" ಎಂದರು ಮಸ್ತಾನ್ ಸಾಬರು. "ನಮ್ಮನೆಯಾಕೆ ಖುರ್ಷೀದ್ ಬೀ ಬಸುರಿ ಇದ್ದಾಗ ದಿನಾ ಹೊಟ್ಟೆ ಮೇಲೆ ಕೈ ಇಟ್ಕೊಂಡು ಮಾತಾಡ್ತಿದ್ಲು. ಮಗ ಹುಟ್ಟಿದ ಮೇಲೆ ಎಷ್ಟೇ ಅಳ್ತಿದ್ರೂ ಆಕೆ ದನಿ ಕೇಳಿದ್ರೆ ಸಾಕು, ಗಪ್ಪನೆ ಸುಮ್ಮನಾಗ್ತಿದ್ದ. ಹೊಟ್ಟೆಯಾಗಿನ ಕೂಸಿಗೆ ಕೇಳ್ತೈತೆ ಅಂದ್ರೆ ಮಣ್ಣಾಗಿನ ಕಾಳಿಗೆ ಯಾಕೆ ಕೇಳಬಾರ್ದು?"

ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಿದ್ದ ಗುಡ್ಡಮ್ಮ ಮೊರ ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದಳು. ಮಸ್ತಾನ್ ಸಾಬರಿಗೆ ತಾವು ಏನಂದೆವೆಂದು ಆಮೇಲೆ ಹೊಳೆಯಿತು. ಪ್ಲೇಟು ಮುಗಿಯುವ ಮೊದಲೇ ಮುಳ್ಳು ಎತ್ತಿಬಿಟ್ಟರು.

ನವರಾತ್ರಿಯ ಹಿಂದಿನ ದಿನ ಪುಟ್ಟಪ್ಪ ಅವ್ವನ ಮುಂದೆ ಕೂತು ಕೇಳಿಕೊಂಡ. ಒಳಕೋಣೆಗೆ ಕಿಟಕಿ ಇಲ್ಲ, ಭತ್ತದ ಕಣಜ ಅಲ್ಲೇ ಇರುವುದರಿಂದ ಗಾಳಿಯೂ ಆಡುವುದಿಲ್ಲ, ಬೂಷ್ಟು ಬರುವುದು ಅದಕ್ಕೇ. ಬಲ್ಬಿನ ಕಾವು ತಾಗಿದರೆ ಬರುವುದಿಲ್ಲ. ದೀಪವೂ ಇರಲಿ, ಬಲ್ಬೂ ಇರಲಿ. ಪಕ್ಕದಲ್ಲಿ ಒಂದು ಸಣ್ಣ ಹಾರ್ನು. ಅವ್ವ ಇದಕ್ಕೆ ಒಪ್ಪುತ್ತಾಳೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ, "ಹಾಕ್ಕೊ. ಆದ್ರೆ ದೇವರ ಕೋಣ್ಯಾಗೆ ಸಿನಿಮಾ ಹಾಡು ಬ್ಯಾಡ" ಎಂದಳು. ಇಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ನನಗೆ ಅನುಮಾನ ಬಂದದ್ದು ನಿಜ. ಏನೆಂದು ಮಾತ್ರ ತಿಳಿಯಲಿಲ್ಲ.

ಬಿತ್ತುವ ಹೊತ್ತಿಗೆ ಅವ್ವ ಕಾಳಿನ ತಟ್ಟೆಯನ್ನು ಗುಡ್ಡಮ್ಮನ ಮುಂದೆ ಹಿಡಿದಳು.

"ನನ್ನ ಕೈ ಬ್ಯಾಡ ಅತ್ತೆ" ಎಂದಳು ಗುಡ್ಡಮ್ಮ.

ಅವ್ವ ಒತ್ತಾಯ ಮಾಡಲಿಲ್ಲ. ತಾನೇ ಬಿತ್ತಿದಳು. ತಟ್ಟೆಯಲ್ಲಿ ಉಳಿದ ಕಾಳನ್ನು ಸೆರಗಿಗೆ ಕಟ್ಟಿಕೊಂಡಳು.

ಹಾರ್ನಿನ ಕಥೆ ಬೇರೆ. ದಸರೆಯಲ್ಲಿ ಮಸ್ತಾನ್ ಸಾಬರ ಒಳ್ಳೆಯ ಸಾಮಾನೆಲ್ಲ ಬಾಡಿಗೆಗೆ ಹೋಗಿತ್ತು. ನಮಗೆ ಸಿಕ್ಕಿದ್ದು ಸದಾ ಗೊರಗೊರ ಅನ್ನುವ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ, ಅದಕ್ಕೊಂದು ಮೈಕು, ತುಟಿ ಹರಿದಂಥ ಒಂದು ಹಾರ್ನು. ಪುಟ್ಟಪ್ಪ ಪೆಟ್ಟಿಗೆಯನ್ನೂ ಮೈಕನ್ನೂ ನಡುಮನೆಯ ಕಂಬದ ಬಳಿ ಇಟ್ಟು, ವೈರು ಎಳೆದು ಹಾರ್ನನ್ನು ಒಳಕೋಣೆಯಲ್ಲಿ ಇಟ್ಟ. ಆಗ ನನಗೆ ಅವನ ಮನಸ್ಸು ಅರ್ಥವಾಯಿತು. ಗ್ರಾಮಫೋನು ಅವನಿಗೆ ಬೇಕೇ ಇರಲಿಲ್ಲ.

"ನೀನು ಒಳಗೆ ಹೋಗೋದೇ ಬ್ಯಾಡ" ಎಂದ ಹೆಂಡತಿಗೆ. "ಇಲ್ಲೇ ಕೂತ್ಕೊ. ಅಕ್ಕಿ ಆರಿಸ್ತಾ ಒಂದು ಪದ ಹೇಳು. ಒಳಗೆ ಅದಕ್ಕೆ ಕೇಳ್ತೈತೆ."

"ನಂಗೆ ಬರೂದಿಲ್ಲ" ಎಂದಳು ಅವಳು.

"ಬರ್ತಿತ್ತಲ್ಲ."

"ಮರೆತು ಹೋಗಿದೆ."

ಅವನು ದಿನಾ ಬೆಳಿಗ್ಗೆ ಸಂಜೆ ಪೆಟ್ಟಿಗೆ ಹಚ್ಚಿ ಮೈಕನ್ನು ಅವಳ ಹತ್ತಿರ ಇಡುವನು, ಅವಳು ಬೆನ್ನು ತಿರುಗಿಸಿ ಕೂರುವಳು. ಆದರೆ ಮೈಕಿಗೆ ಮಾನ ಮರ್ಯಾದೆ ಇಲ್ಲ, ಸಿಕ್ಕಿದ್ದನ್ನೆಲ್ಲ ಒಳಗೆ ಕಳಿಸುತ್ತಿತ್ತು. ಬೀಸುಕಲ್ಲಿನ ಸದ್ದು, ಒಗ್ಗರಣೆಯ ಸದ್ದು, ನನ್ನ ಸೀನು, ಎಮ್ಮೆ ಕಟ್ಟಿಲ್ಲವೆಂದು ಅವ್ವ ಪುಟ್ಟಪ್ಪನಿಗೆ ಮಾಡಿದ ಮಂಗಳಾರತಿ. ಆ ಸಸಿಗಳು ಕೇಳಿ ಬೆಳೆದದ್ದು ನಮ್ಮ ಮನೆಯ ಗಲಾಟೆಯನ್ನು. ಹೊರದೇಶದ ಗಿಡಗಳಿಗೆ ಈ ಭಾಗ್ಯ ಇರಲಿಕ್ಕಿಲ್ಲ ಎಂದೆ. ಪುಟ್ಟಪ್ಪನೂ ನಕ್ಕ, ಆದರೆ ಅರ್ಧ ನಗು.

ಆಯುಧಪೂಜೆಯ ಹಿಂದಿನ ಮಧ್ಯಾಹ್ನ. ಕೆರೆ ಬೀದಿಯಲ್ಲಿ ತಂತಿ ಕಡಿದು ಬಿದ್ದಿದೆ ಎಂದು ಆಫೀಸಿನಿಂದ ಕರೆ ಬಂದು ಪುಟ್ಟಪ್ಪ ಊಟದ ಕೈ ತೊಳೆದವನೇ ಓಡಿದ. ಗುಡ್ಡಮ್ಮ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು. ನಾನು ಅವ್ವನಿಗೆ ಎಲೆಅಡಿಕೆ ಕೊಡೋಣವೆಂದು ಹುಡುಕುತ್ತಾ ಹಿತ್ತಲ ಕಡೆಯಿಂದ ಒಳಕೋಣೆಗೆ ಹೋದೆ. ದೇವರ ಮುಂದೆ ಅವಳಿರಲಿಲ್ಲ. ಕಣಜದ ಹಿಂದಿನ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಮುಂದೆ ಇನ್ನೊಂದು ಬುಟ್ಟಿ. ಅದರ ಮೇಲಿನ ಮುಚ್ಚಳವನ್ನು ಅರ್ಧ ಸರಿಸಿ, ಬೊಗಸೆಯಲ್ಲಿ ನೀರು ಹಿಡಿದುಕೊಂಡು ಬೆರಳ ಸಂದಿಯಿಂದ ಹನಿಹನಿಯಾಗಿ, ಬೂಷ್ಟು ಹಿಡಿಯದಷ್ಟೇ ಬಿಡುತ್ತಿದ್ದಳು.

ಕತ್ತಲಲ್ಲಿ ಬೆಳೆದ ಸಸಿ, ಗೇಣುದ್ದ ಎದ್ದು ಹೊಂಬಣ್ಣಕ್ಕೆ ಬಾಗಿ ನಿಂತಿತ್ತು. ಅಷ್ಟು ಚಂದದ ಘಟ್ಟವನ್ನು ನಾನು ನಮ್ಮ ಮನೆಯಲ್ಲಿ ನೋಡಿರಲಿಲ್ಲ.

"ಅವ್ವ, ಇದೇನಿದು?"

"ಮೆಲ್ಲಗೆ ಮಾತಾಡು" ಎಂದಳು. "ಅವನ ಲೈಟಿನ ಬುಟ್ಟಿ ಕೈಕೊಟ್ರೆ ಇದನ್ನ ಇಡ್ತೀನಿ. ದಶಮಿ ದಿನ ಬೆಳಗಾಗೋ ಮುಂಚೆ ಬದಲಿ ಮಾಡ್ತೀನಿ. ಯಾರಿಗೂ ಹೇಳಬ್ಯಾಡ."

ಘಟ್ಟದ ಮಾತಿಗೆ ಎದುರು ಮಾತಿಲ್ಲ ಎಂದು ಜೀವಮಾನವಿಡೀ ಸಾಧಿಸಿದವಳು ಕಳ್ಳಘಟ್ಟ ಹಾಕಿ ಕೂತಿದ್ದಳು. ನನಗೆ ನಗು ಬಂತು. ನಕ್ಕೇಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಹಾರ್ನು ಗೊರಗೊರ ಎಂದಿತು. ಪುಟ್ಟಪ್ಪ ಅವಸರದಲ್ಲಿ ಪೆಟ್ಟಿಗೆ ಆರಿಸದೆ ಹೋಗಿದ್ದ.

ಗುಡ್ಡಮ್ಮನ ದನಿ. ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿಸಿತು.

"ಒದಿಬ್ಯಾಡ ಹಂಗೆ" ಎಂದಳು. ಮತ್ತೆ, "ನಿನ್ನ ಕೂಡೆ ಮಾತಾಡಬಾರ್ದು ಅಂದ್ಕಂಡಿದ್ದೆ. ಈಗ ಯಾರೂ ಇಲ್ಲ, ಅದ್ಕೆ ಹೇಳ್ತೆ. ನಾಡಿದ್ದು ಒಳಗಿನ ಬುಟ್ಟಿ ತೆಗೀತಾರೆ. ಅದು ಏನಾರೂ ಹೇಳ್ಲಿ. ನೀನು ಕೇಳಿಸ್ಕಬ್ಯಾಡ ಮಗಾ. ಯಾರು ಏನು ಹೇಳಿದ್ರೂ ಕೇಳಿಸ್ಕಬ್ಯಾಡ. ನಾನು ಕೇಳಿಸ್ಕಂಡೆ, ಅದ್ಕೇ ಹಿಂಗಾತು. ನೀನು ಸುಮ್ನೆ ಬಾ."

ಅವ್ವನ ಬೊಗಸೆಯಲ್ಲಿದ್ದ ನೀರೆಲ್ಲ ಸೋರಿ ಅವಳ ಸೀರೆಯ ಮೇಲೆ ಬಿದ್ದಿತ್ತು. ಬೊಗಸೆ ಮಾತ್ರ ಹಾಗೇ ಹಿಡಿದಿದ್ದಳು. ನಾನು ಅವಳ ಪಕ್ಕ ಕೂತೆ. ನನಗೆ ಅಳು ಬಂತು, ಅಳುತ್ತಲೇ ಕೂತೆ. ಅವ್ವ ಅಳಲಿಲ್ಲ. "ಆವತ್ತು ನಾನು ಆ ಮಾತು ಆಡಬಾರದಿತ್ತು ವನಜಾ" ಎಂದಳು. "ಎಷ್ಟು ಸಲ ಹೇಳ್ಬೇಕು ಅಂದ್ಕೊಂಡೆ. ಹೋಗಿ ಆಕೆ ಮುಂದೆ ನಿಂತ್ರೆ ನಾಲಿಗೆ ಏಳಲ್ಲ."

"ಈಗ ಹೋಗಿ ಹೇಳು."

"ಕೇಳಿಸ್ಕೊಂಡೆ ಅಂತ ಹೇಳಲಾ? ಆ ಮಾತು ನಮಗೆ ಹೇಳಿದ್ದಲ್ಲ."

ಅವಳು ಹೇಳಿದ್ದು ಸರಿಯೇ ಇತ್ತು. ನಾನು ಹಿಂದಿನ ಬಾಗಿಲಿನಿಂದ ಸುತ್ತು ಹಾಕಿ ಬಂದು, ಏನೂ ತಿಳಿಯದವಳ ಹಾಗೆ ಪೆಟ್ಟಿಗೆ ಆರಿಸಿದೆ. ಗುಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಅವಳ ಕೈ ಹೊಟ್ಟೆಯ ಮೇಲಿತ್ತು.

ದಶಮಿಯ ದಿನ ಅವ್ವ ಏಳುವಷ್ಟರಲ್ಲಿ ಪುಟ್ಟಪ್ಪ ಎದ್ದುಬಿಟ್ಟಿದ್ದ. ಮೊದಲ ದಿನದಿಂದ ಬುಟ್ಟಿಯ ಸುತ್ತ ಪರದೆ ಕಟ್ಟಿ, ಬಲ್ಬಿನ ಬೆಳಕು ಅದರ ಮೇಲೆ ಮಾತ್ರ ಬೀಳುವಂತೆ ಮಾಡಿದ್ದವನು ಅವನೇ. ಆ ಪರದೆಯೊಳಗೆ ಅವನು ನೀರು ಚಿಮುಕಿಸುತ್ತಿದ್ದನೇ ಹೊರತು ಬೇರೆ ಯಾರಿಗೂ ಇಣುಕಲು ಬಿಟ್ಟಿರಲಿಲ್ಲ. ಬುಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ನಡುಮನೆಗೆ ತಂದು ಗುಡ್ಡಮ್ಮನ ಮುಂದಿಟ್ಟ.

"ನೋಡು, ಒಂದು ಚೂರು ಬೂಷ್ಟಿಲ್ಲ" ಎಂದ.

ಬೂಷ್ಟು ಇರಲಿಲ್ಲ ನಿಜ. ಆದರೆ ಸಸಿ ನಾಲ್ಕು ಬೆರಳಿನಷ್ಟೂ ಎದ್ದಿರಲಿಲ್ಲ. ಕುಳ್ಳಗೆ, ದಪ್ಪಗೆ, ಕಡುಹಸಿರು. ಘಟ್ಟದ ಉದ್ದವೂ ಇಲ್ಲ, ಆ ಬಣ್ಣವೂ ಇಲ್ಲ. ನನ್ನ ತಮ್ಮ ಮಾಡಿದ ತಪ್ಪು ನನಗೆ ಆಗ ತಿಳಿಯಿತು. ಅವನು ಡಬ್ಬಗಳನ್ನೆಲ್ಲ ಕಿಟಕಿಯ ಕೆಳಗೆ ಇಟ್ಟು ಪರೀಕ್ಷೆ ಮಾಡಿದ್ದ, ಕತ್ತಲಲ್ಲಿ ಒಂದನ್ನೂ ಇಟ್ಟಿರಲಿಲ್ಲ. ಸಸಿ ಬೆಳಕನ್ನು ಹುಡುಕುತ್ತಾ ಉದ್ದವಾಗುವುದು, ಬೆಳಕು ಕಾಣದೆ ಹೊನ್ನಾಗುವುದು. ಬೆಳಕು ಕೈಗೇ ಸಿಕ್ಕಿದರೆ ಅದು ಯಾಕೆ ಓಡುತ್ತದೆ? ಟೀಚರಾಗಿ ನನಗಾದರೂ ಮೊದಲೇ ಹೊಳೆಯಬೇಕಿತ್ತು, ನಾನು ನಗುವುದರಲ್ಲೇ ಕಾಲ ಕಳೆದಿದ್ದೆ.

ಅದೇ ಹೊತ್ತಿಗೆ ಪಕ್ಕದ ಮನೆಯ ಬಸವಣ್ಣೆಮ್ಮ ಸಸಿಗೆಂದು ಬಂದಳು. ಬುಟ್ಟಿ ನೋಡಿದಳು, ಗುಡ್ಡಮ್ಮನನ್ನು ನೋಡಿದಳು, "ಯಾಕ್ರೀ ಹುಚ್ಚಮ್ಮಾರೆ, ಈ ಸಲನೂ ಏಳಲಿಲ್ಲೇನು?" ಎಂದಳು.

ಗುಡ್ಡಮ್ಮನ ತುಟಿ ಬಿಳುಚಿಕೊಂಡಿತು. ಪುಟ್ಟಪ್ಪ ಬುಟ್ಟಿಯನ್ನು ನೋಡುತ್ತಾ ನಿಂತ. ಅವನಿಗೆ ಪಾಪ, ಏನು ತಪ್ಪಾಯಿತೆಂದೇ ತಿಳಿದಿರಲಿಲ್ಲ.

ಅವ್ವ ಒಳಗೆ ಹೋದಳು. ಕಣಜದ ಹಿಂದಿನ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ತಂದು ಪಕ್ಕದಲ್ಲಿಟ್ಟಳು. ನಡುಮನೆಗೆ ಬೆಳಕು ಬಂದ ಹಾಗಾಯಿತು.

"ಮನೆ ಘಟ್ಟ ಇದು ಬಸವಣ್ಣೆಮ್ಮ" ಎಂದಳು. "ಅದು ನಮ್ಮ ಪುಟ್ಟ ಆಡಾಕೆ ಹಾಕಿದ್ದು." ಒಂದು ಹಿಡಿ ಕಿತ್ತು ಅವಳ ಕೈಗಿಟ್ಟಳು. ಬಸವಣ್ಣೆಮ್ಮ ಕಣ್ಣಿಗೊತ್ತಿಕೊಂಡು, ಇಂಥ ಘಟ್ಟ ಕೇರಿಯಲ್ಲೇ ಇಲ್ಲ ಎನ್ನುತ್ತಾ, ಆ ಸುದ್ದಿ ಹಂಚಲು ಹೋದಳು.

ಅವಳು ಹೋದ ಮೇಲೆ ಗುಡ್ಡಮ್ಮ ಕೇಳಿದಳು. "ಎರಡು ಯಾಕೆ ಹಾಕಿದ್ರಿ ಅತ್ತೆ?"

ಅವ್ವ ಸೆರಗಿನಿಂದ ಕೈಯ ಮಣ್ಣು ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು. "ನೀನು ಹೆದರಬಾರ್ದು ಅಂತ" ಎಂದಳು ಕಡೆಗೆ. "ಆವತ್ತು ನಾನು ಒಂದು ಮಾತು ಆಡಿದ್ದೆ. ಅದನ್ನ ವಾಪಸ್ ತಗೊಳಾಕೆ ನನಗೆ ಬರಲಿಲ್ಲ. ಅದಕ್ಕೆ ಬೀಜ ಹಾಕಿದೆ."

ಅದಕ್ಕಿಂತ ದೊಡ್ಡ ಮಾತನ್ನು ನಮ್ಮವ್ವ ಯಾರ ಮುಂದೆಯೂ ಆಡಿದ್ದಿಲ್ಲ. ಗುಡ್ಡಮ್ಮ ಒಂದು ಕೈ ಊರಿ ಮೆಲ್ಲಗೆ ಎರಡು ಬುಟ್ಟಿಯ ನಡುವೆ ಕೂತಳು. ಬಂಗಾರದ ಬುಟ್ಟಿಯಿಂದ ಒಂದು ಜೋಳದ ಸಸಿಯನ್ನು ಬೇರು ಸಮೇತ ಎತ್ತಿದಳು. ಅಂಗೈ ಮೇಲೆ ನಿಲ್ಲಿಸಲು ನೋಡಿದಳು, ಅದು ದಾರದ ಹಾಗೆ ಮಡಿಚಿ ಬಿತ್ತು. ಹಸಿರು ಬುಟ್ಟಿಯಿಂದ ಒಂದನ್ನು ಎತ್ತಿದಳು. ಮಣ್ಣು ಕಚ್ಚಿಕೊಂಡಿದ್ದ ಬೇರು ಸುಲಭಕ್ಕೆ ಬಿಡಲಿಲ್ಲ. ಅಂಗೈ ಮೇಲೆ ಅದು ನೆಟ್ಟಗೆ ನಿಂತಿತು. ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಆಗ ಅವಳು ನಮ್ಮ ಮನೆಯ ಸೊಸೆಯ ಹಾಗೆ ಕಾಣಲಿಲ್ಲ, ಗದ್ದೆ ಬದುವಿನ ಮೇಲೆ ಕೂತ ರೈತನ ಮಗಳಾಗಿ ಕಂಡಳು.

"ನಾಟಿಗೆ ಭತ್ತದ ಸಸಿ ಎಬ್ಬಿಸೂ ಅಗೆ ಮಡಿ ಹಳದಿಗೆ ತಿರುಗಿದ್ರೆ ನಮ್ಮಪ್ಪ ಅವತ್ತು ಊಟ ಮಾಡ್ತಿರಲಿಲ್ಲ ಅತ್ತೆ" ಎಂದಳು. "ಹಳದಿ ಅಗೆ ನೆಟ್ರೆ ಹಿಡಿಯೂದಿಲ್ಲ. ಇದು ನೋಡೂಕೆ ಚಂದ, ಮುಡಿಯೂಕೆ ಚಂದ. ಸಂಜೆಗೆ ಬಾಡ್ತದೆ." ಆಮೇಲೆ ಹಸಿರು ಸಸಿಯನ್ನು ಮತ್ತೆ ಮಣ್ಣಿಗೆ ಊರಿ, ಬುಡವನ್ನು ಎರಡು ಬೆರಳಲ್ಲಿ ಒತ್ತಿದಳು. "ಇದು ಕುಳ್ಳ. ಆದ್ರೆ ಇದು ಬದುಕ್ತದೆ."

ಬದುಕುತ್ತದೆ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಎಷ್ಟೋ ತಿಂಗಳಿಂದ ಆಡಿರಲಿಲ್ಲ. ಪುಟ್ಟಪ್ಪ ಗೋಡೆಯ ಕಡೆ ತಿರುಗಿ ನಿಂತ. ಅವ್ವ ಹೋಗಿ ಒಂದು ತಂಬಿಗೆ ನೀರು ತಂದು ಗುಡ್ಡಮ್ಮನ ಕೈಗೆ ಕೊಟ್ಟಳು. ಗುಡ್ಡಮ್ಮ ಹಸಿರು ಬುಟ್ಟಿಗೆ ನೀರು ಚಿಮುಕಿಸಿದಳು. ಅವತ್ತು ಮಧ್ಯಾಹ್ನ ಹೋಳಿಗೆ ಬಡಿಸಿದಾಗ ಅವಳು ಇನ್ನೊಂದು ಬೇಕೆಂದು ಕೇಳಿದಳು. ಅಂಥ ಸುಖದ ಊಟ ನಾನು ಮಾಡಿದ್ದು ಕಮ್ಮಿ.

ದಶಮಿ ಕಳೆದ ನಾಲ್ಕೈದು ದಿನಕ್ಕೆ ಭೂಮಿ ಹುಣ್ಣಿಮೆ. ಸೊರಬದ ಕಡೆಯವರಿಗೆ ಅದೇ ದೊಡ್ಡ ಹಬ್ಬ. ಗದ್ದೆಯ ಪೈರು ಒಳಗೇ ತೆನೆ ಕಟ್ಟಿ ಹೊಡೆ ತುಂಬಿ ನಿಂತಿರುತ್ತದೆ, ಭೂಮಿ ಬಸುರಿ ಎಂದು ಭೂತಾಯಿಗೆ ಸೀಮಂತ ಮಾಡುತ್ತಾರೆ. ಹೇಗೂ ಗುಡ್ಡಮ್ಮನನ್ನು ಹೆರಿಗೆಗೆ ತವರಿಗೆ ಕಳಿಸಬೇಕಿತ್ತು. ಮಡಿಲು ತುಂಬಿ ಬಸ್ಸು ಹತ್ತಿಸಿದೆವು. ಹಸಿರು ಬುಟ್ಟಿಯನ್ನು ಪದ್ಧತಿಯಂತೆ ಕೆರೆಗೆ ಬಿಡುವ ಬದಲು ಅವಳು ತೊಡೆಯ ಮೇಲೆ ಇಟ್ಟುಕೊಂಡಳು. ಪುಟ್ಟಪ್ಪನೂ ನಾನೂ ಜೊತೆಗೆ ಹೊರಟೆವು. ಹೊಸ್ತಿಲು ದಾಟಿ ಊರಾಚೆ ಹೋಗದ ಅವ್ವ ಕೊನೆ ಗಳಿಗೆಯಲ್ಲಿ ಸೀರೆ ಬದಲಿಸಿ ಬಂದು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಬೀಳ್ಕೊಡಲು ಬಂದಿದ್ದ ಮಸ್ತಾನ್ ಸಾಬರನ್ನು ಪುಟ್ಟಪ್ಪ ಹಾರ್ನು ಕೇಳಿದ. "ಗದ್ದೆಗೆ ಯಾಕಪ್ಪ ಹಾರ್ನು? ಕರೆಂಟು ಎಲ್ಲಿಂದ ತರ್ತಿ?" ಎಂದರು ಅವರು.

ಹುಣ್ಣಿಮೆಯ ದಿನ ನಸುಕಿನಲ್ಲಿ ಎಲ್ಲರೂ ಗದ್ದೆಗೆ ಹೋದೆವು. ಗುಡ್ಡಮ್ಮನ ಅಪ್ಪ ಗುತ್ಯಪ್ಪ ಚಿತ್ತಾರ ಬರೆದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತಿದ್ದರು, ಅದರಲ್ಲಿ ಸೊಪ್ಪುಸದೆ ಬೆರೆಸಿ ಬೇಯಿಸಿದ ಎಡೆ. ಗದ್ದೆಯ ಬದುವಿನ ಒಂದು ಎತ್ತರದ ಮೂಲೆಯಲ್ಲಿ ಗುಡ್ಡಮ್ಮ ಕೂತು, ಗಂಡ ಮಣ್ಣು ಸಡಿಲಿಸಿಕೊಟ್ಟ ಹಾಗೆಲ್ಲ ಹಸಿರು ಬುಟ್ಟಿಯ ಒಂದೊಂದೇ ಸಸಿ ಊರಿದಳು. ಅವ್ವ ನೀರು ಹೊಯ್ದಳು. ಆಮೇಲೆ ಎಡೆಯನ್ನು ಪೈರಿಗೆ ಎರಚುತ್ತಾ ಭೂತಾಯಿಯನ್ನು ಊಟಕ್ಕೆ ಕೂಗಿ ಕರೆಯಬೇಕು. ಗುತ್ಯಪ್ಪನವರು ಬಾಯಿ ತೆರೆಯುವ ಮೊದಲೇ ಗುಡ್ಡಮ್ಮ ಕೂಗಿದಳು.

ಎಷ್ಟು ದಿನದಿಂದ ಕೂಡಿಟ್ಟಿದ್ದ ದನಿಯೋ. ಕೆರೆಯ ಕಡೆಯ ಮರಗಳಲ್ಲಿ ಕೂತಿದ್ದ ಹಕ್ಕಿಗಳು ಎದ್ದವು. ಆಚೆ ಗದ್ದೆಯಿಂದ ಯಾರೋ ತಿರುಗಿ ಕೂಗಿದರು. ಪುಟ್ಟಪ್ಪ ಮಣ್ಣುಗೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕೆಸರು ಮಾಡಿಕೊಂಡ.

ಆ ಸಸಿಗಳಲ್ಲಿ ಗೋಧಿಯನ್ನು ಮೊಲ ತಿಂದವು. ಹೆಸರು ಒಣಗಿತು. ಅವರೆ ಬೇಲಿಗೆ ಹಬ್ಬಿತು, ಜೋಳ ನಿಂತಿತು. ಮಾರ್ಗಶಿರದಲ್ಲಿ ಗುಡ್ಡಮ್ಮ ಹೆಣ್ಣು ಹೆತ್ತಳು. ಮೊದಲ ಹಗಲು ಕಳೆಯುವ ತನಕ ನಾವು ಯಾರೂ ಉಸಿರು ಬಿಡಲಿಲ್ಲ. ಎರಡನೆಯ ಹಗಲೂ ಕಳೆಯಿತು, ತಿಂಗಳೂ ಕಳೆಯಿತು.

ತೊಟ್ಟಿಲಿಗೆ ಹಾಕುವ ದಿನ ಶಿಕಾರಿಪುರದಿಂದ ನಾವೆಲ್ಲ ಹೋದೆವು. ಹಜಾರದ ತುಂಬ ಹೆಂಗಸರು. ಹುಚ್ಚಮ್ಮ ಮೊಳಕೆ ನೋಡಿಯೇ ಬೆಳೆ ಹೇಳುವವರು ಎಂಬ ಹೆಸರು ಅಲ್ಲಿಗೂ ಮುಟ್ಟಿತ್ತು. ಯಾರೋ ಒಬ್ಬಳು, "ಅಜ್ಜಿ, ನೋಡಿ ಹೇಳಿ. ಕೂಸಿನ ಮುಖ ಏನು ಹೇಳ್ತದೆ?" ಎಂದು ಕೇಳಿದಳು. ಎಲ್ಲರೂ ತೊಟ್ಟಿಲ ಕಡೆ ತಿರುಗಿದರು. ಗುಡ್ಡಮ್ಮ ಒಳಬಾಗಿಲಲ್ಲಿ ಬಿಸಿನೀರಿನ ತಂಬಿಗೆ ಹಿಡಿದು ನಿಂತಿದ್ದಳು.

ಅವ್ವ ತೊಟ್ಟಿಲಿನ ಮೇಲೆ ಬಾಗಿದಳು. ಮುಖ ನೋಡಲಿಲ್ಲ, ಕೂಸಿನ ಕಿವಿಯ ಹತ್ತಿರ ಬಾಯಿ ತಂದಳು.

"ಯಾರು ಏನು ಹೇಳಿದ್ರೂ ಕೇಳಿಸ್ಕೋಬ್ಯಾಡ ಮಗಾ" ಎಂದಳು. "ನೀನು ಸುಮ್ನೆ ಬಂದೆಯಲ್ಲ, ಸಾಕು."

ಗುಡ್ಡಮ್ಮ ಅವ್ವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತೊಟ್ಟಿಲ ಹಗ್ಗ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ಅವಳು ಬಂದು ತಂಬಿಗೆಯನ್ನು ಕೆಳಗಿಟ್ಟು, ಅತ್ತೆಯ ಪಕ್ಕದಲ್ಲಿ ಕೂತು, ತೊಟ್ಟಿಲು ತೂಗುತ್ತಾ ಹಾಡತೊಡಗಿದಳು.